ಕೋಪದ ಸಾಲಿಗೊಂದು ಅಡಿಟಿಪ್ಪಣಿ

ನಮ್ಮ ಊರಿನ ಪುರಸಭೆಯಲ್ಲಿ ತುಲನಾ ವಿಭಾಗ ಎಂಬುದೊಂದಿದೆ. ಅದರಲ್ಲಿ ನಾನೊಬ್ಬನೇ ನೌಕರ. ವರ್ಷಕ್ಕೊಮ್ಮೆ ಹದಿನಾರು ಪುಟದ ‘ಮೂರು ಬಣಗಳ ತುಲನಾ ಪಟ್ಟಿ’ಯನ್ನು ತಯಾರಿಸಿ ಅಚ್ಚು ಹಾಕಿಸುವುದು ನನ್ನ ಕೆಲಸ. ಹದಿನಾರು ಪುಟಕ್ಕೆ ಒಂದು ವರ್ಷ ಬೇಕೇ ಎಂದು ಕೇಳುವವರಿದ್ದಾರೆ. ನನಗೆ ಹದಿನಾಲ್ಕು ತಿಂಗಳಾದರೂ ಸಾಲದು ಅನ್ನಿಸುತ್ತದೆ, ಆದರೆ ಹಾಗೆಂದು ಬಾಯಿಬಿಟ್ಟು ಹೇಳಲು ಧೈರ್ಯವಾಗಿಲ್ಲ.

ಊರಿನ ನಡುವೆ ಆಟದ ಮನೆ ಇದೆ. ಸಂಜೆ ಐದರಿಂದ ಎಂಟರವರೆಗೆ ಊರಿಗೆ ಊರೇ ಅಲ್ಲಿ ಪರದೆಗಳ ಮುಂದೆ ಕೂತು ಕರಿಸೇತುವೆಯ ಆಟ ಆಡುತ್ತದೆ. ಪರದೆಯೊಳಗೆ ಒಂದು ಕಾಡು, ಕಾಡಿನಲ್ಲಿ ಕೋರೆಹಲ್ಲಿನ ಮೃಗಗಳು, ಒಂದು ಹೊಳೆ, ಅದರ ಮೇಲೆ ಕರಿಕಲ್ಲಿನ ಸೇತುವೆ. ಆಮೆ, ಗೂಬೆ, ಮುಂಗುಸಿ ಎಂದು ಮೂರು ಬಣ. ಎಂಟು ಗಂಟೆಗೆ ಸೇತುವೆ ಯಾವ ಬಣದ ಕೈಯಲ್ಲಿರುತ್ತದೋ ಮರುದಿನ ಬಸ್ಸಿನ ನೆರಳಿನ ಬದಿ ಆ ಬಣದವರಿಗೆ. ಹದಿನೆಂಟು ತುಂಬಿದಾಗ ಪ್ರತಿಯೊಬ್ಬರೂ ಒಂದು ಬಣವನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡ ನಲವತ್ತನೆಯ ದಿನಕ್ಕೆ ಬಣದ ಗುಣ ಮೈಗೆ ಬರುತ್ತದೆ. ಪರದೆಯೊಳಗೆ ಆಮೆಯವರು ನಿಧಾನವಾಗಿ ನಡೆದು ಏಟು ತಡೆದುಕೊಳ್ಳುವುದರಿಂದ ಪಡಸಾಲೆಯಲ್ಲೂ ಅವರು ಹಾಗೆಯೇ. ಮುಂಗುಸಿಯವರು ಅಲ್ಲಿ ಎರಡೇಟಿಗೆ ನಾಲ್ಕೇಟು ಕೊಡುವುದರಿಂದ ತರಕಾರಿ ಅಂಗಡಿಯಲ್ಲೂ ಮಾತಿಗೆ ಎರಡು ಮಾತು ಹೆಚ್ಚೇ ಕೊಡುತ್ತಾರೆ. ಗೂಬೆಯವರಿಗೆ ದೂರದ್ದೆಲ್ಲ ಕಾಣುತ್ತದೆ, ಯಾವುದಕ್ಕೂ ಕೈ ಹಾಕುವುದಿಲ್ಲ. ಆಮೇಲೆ ಐವತ್ತನೆಯ ವರ್ಷದಲ್ಲಿ ಬಣ ಬದಲಿಸಲು ಇನ್ನೊಂದು ಅವಕಾಶವಿದೆ. ಐವತ್ತೊಂದಕ್ಕೆ ಕಾಲಿಡುವ ಮುನ್ನಾದಿನ ಸಂಜೆ ಐದರೊಳಗೆ ಪುರಸಭೆಯ ಕಿಟಕಿಯಲ್ಲಿ ಅರ್ಜಿ ಕೊಡಬೇಕು. ಅದು ತಪ್ಪಿದರೆ ಕೊನೆಯವರೆಗೂ ಇದ್ದಲ್ಲೇ.

ಹೀಗೆ ಆರಿಸುವವರಿಗಾಗಿ ನನ್ನ ಪಟ್ಟಿ. ಓಟ, ಏಟು, ತಡೆ, ಕೋಪ, ಗಾಯ ಮಾಯುವುದು, ಸತ್ತ ಮೇಲೆ ಎಂದು ಸಾಲುಗಳು. ಒಂದೊಂದು ಬಣಕ್ಕೆ ಒಂದೊಂದು ಕಾಲಂ. ‘ಸತ್ತ ಮೇಲೆ’ ಎಂಬ ಸಾಲು ಆಟದ ಮನೆಯ ಹೊರಗೆ ಅನ್ವಯಿಸುವುದಿಲ್ಲ ಎಂದು ಪ್ರತಿವರ್ಷ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಕೋಪದ ಸಾಲು ಮಾತ್ರ ಎಲ್ಲರೂ ಓದುವಂಥದು. ಪರದೆಯ ಮೂಲೆಯಲ್ಲಿ ಪ್ರತಿ ಆಟಗಾರನಿಗೂ ಒಂದು ಕೆಂಪು ಗೆರೆ ಇರುತ್ತದೆ. ಏಟು ಬಿದ್ದ ಹಾಗೆಲ್ಲ ಅದು ತುಂಬುತ್ತದೆ. ತುಂಬಿದಾಗ ಒಂದು ಗುಂಡಿ ಒತ್ತಿದರೆ ಎದುರಿಗಿರುವುದು ಮೃಗವಾಗಲಿ, ನೆಂಟನಾಗಲಿ, ಚಿಂದಿ. ಮುಂಗುಸಿಗೆ ಮೂರು ಏಟಿಗೆ ಗೆರೆ ತುಂಬುತ್ತದೆ, ಆಮೆಗೆ ಹನ್ನೆರಡಕ್ಕೆ. ಗೂಬೆಗೆ ಗೆರೆಯೇ ಇಲ್ಲ. ಇವನ್ನೆಲ್ಲ ನಾನೇ ಪರದೆಯ ಮುಂದೆ ಕೂತು ಎಣಿಸಿದವನು. ವಿಭಾಗದ ನೌಕರನಿಗೆ ಬಣವಿರಕೂಡದೆಂಬ ನಿಯಮವಿರುವುದರಿಂದ ನಾನು ಆಟದೊಳಗೆ ದಾರಿಹೋಕನಾಗಿ ಅಲೆಯುತ್ತೇನೆ. ಯಾರೂ ನನಗೆ ಹೊಡೆಯುವಂತಿಲ್ಲ, ನಾನೂ ಯಾರಿಗೂ ಹೊಡೆಯುವಂತಿಲ್ಲ. ಹದಿನೆಂಟು ತುಂಬಿದ ದಿನವೇ ಕೆಲಸಕ್ಕೆ ಸೇರಿದ್ದರಿಂದ ನನಗೆ ಬಣದ ಗುಣ ಯಾವುದೂ ಬಂದಿಲ್ಲ. ನನ್ನಲ್ಲಿರುವ ಅಳುಕು ನನ್ನ ಸ್ವಂತದ್ದು.

ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿಸುತ್ತಾರೆ: ಪಟ್ಟಿಯಲ್ಲಿ ಅಚ್ಚಾದದ್ದನ್ನು ಬಿಟ್ಟು ಬಣಗಳ ಬಗ್ಗೆ ಯಾರಿಗೂ ಒಂದು ಮಾತೂ ಹೇಳಕೂಡದು. ಇನ್ನೊಂದು ಪದ್ಧತಿಯೂ ಇದೆ. ಪಟ್ಟಿಯಲ್ಲಿ ಯಾವ ಬಣ ಮೊದಲು ಬರಬೇಕೆಂದು ಹಿಂದೊಮ್ಮೆ ದೊಡ್ಡ ಗಲಾಟೆಯಾಗಿ ಪುರಸಭೆಯ ಗಾಜುಗಳು ಒಡೆದಿದ್ದವಂತೆ. ಅಂದಿನಿಂದ ಪ್ರತಿವರ್ಷ ಚೀಟಿ ಎತ್ತಿ ಆ ಕ್ರಮದಲ್ಲಿ ಕಾಲಂಗಳನ್ನು ಇಡುತ್ತೇವೆ. ಪಕ್ಷಪಾತ ಬರಬಾರದಲ್ಲ.

ನಾನು ಹಗಲು ಶಾಲೆ ಕಂಡವನಲ್ಲ. ಸಂಜೆ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸು ಮಾಡಿದೆ, ಅದೂ ಎರಡನೆಯ ಸಲ. ಆ ಋಣಕ್ಕೆ ಈಗ ವಾರಕ್ಕೆರಡು ಸಂಜೆ, ಎಂಟೂವರೆಯಿಂದ ಒಂದು ಗಂಟೆ, ಅಲ್ಲಿ ಹೊಸಬರಿಗೆ ಅಕ್ಷರ ತಿದ್ದಿಸುತ್ತೇನೆ. ಹೊಂಬಾಳಮ್ಮ ಪರಿಚಯವಾದದ್ದು ಅಲ್ಲೇ. ಕೆರೆಬೀದಿಯಲ್ಲಿ ಬ್ಲೌಸು ಹೊಲಿಯುವ ಹೆಂಗಸು. ನನಗಿಂತ ಏಳು ವರ್ಷ ದೊಡ್ಡವರು, ಹದಿನೆಂಟರಿಂದಲೂ ಮುಂಗುಸಿ ಬಣ. ಸ್ಲೇಟಿನ ಮೇಲೆ ‘ಳ’ ತಿದ್ದುತ್ತಾ ಅದು ಸರಿಯಾಗಿ ಸುತ್ತಿಕೊಳ್ಳದಿದ್ದರೆ ಅಕ್ಷರವನ್ನೇ ಬೈಯುತ್ತಿದ್ದರು. “ಇದನ್ನ ಯಾವನು ಕಂಡುಹಿಡಿದ ಮೇಷ್ಟ್ರೇ, ನನ್ನ ಹತ್ರ ಕಳಿಸಿ, ಅವನ ಅಂಗಿ ತೋಳು ಹಿಂದುಮುಂದಾಗಿ ಹೊಲಿದುಕೊಡ್ತೀನಿ,” ಎನ್ನುತ್ತಿದ್ದರು.

ಅವರು ಓದು ಕಲಿಯಲು ಬಂದದ್ದಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಮಗಳು ತಾರಾಮಣಿಯ ಮದುವೆಯಲ್ಲಿ ಬೀಗಿತ್ತಿ ಒಂದು ಬ್ಲೌಸನ್ನು ಕೈಯಲ್ಲಿ ಹಿಡಿದು, ಇದರ ಕತ್ತು ಸ್ವಲ್ಪ ಓರೆ ಎಂದರು. ತೋಳು ಬಿಗಿ ಎಂದರು. ಮೂರನೆಯದಾಗಿ ಏನೆಂದರೋ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಹೊಂಬಾಳಮ್ಮ ಬ್ಲೌಸನ್ನು ಕಿತ್ತುಕೊಂಡು ಚಪ್ಪರದ ನಡುವೆ ನಿಂತು ಎರಡು ತುಂಡು ಮಾಡಿ ಬೀಗಿತ್ತಿಯ ಎರಡೂ ಕೈಗೆ ಒಂದೊಂದು ಕೊಟ್ಟರು. ಅಂದಿನಿಂದ ಕೆರೆಯಾಚೆ ಬೀದಿಯಲ್ಲಿರುವ ಮಗಳು ಈಚೆಗೆ ಬಂದಿಲ್ಲ. “ಐವತ್ತಕ್ಕೆ ಆಮೆ ಬಣ ಸೇರು. ಆಗ ಬರ್ತೀನಿ,” ಎಂದು ಹೇಳಿಕಳಿಸಿದ್ದಳು. ಹೊಂಬಾಳಮ್ಮ ಐವತ್ತನ್ನು ಹಬ್ಬದಂತೆ ಕಾದರು. ಯಾರ ಮಾತೂ ಕೇಳದೆ, ಪಟ್ಟಿಯನ್ನು ತಾವೇ ಓದಿ, ತಾವೇ ಅರ್ಜಿ ಬರೆಯಬೇಕೆಂದು ಸಂಜೆ ಶಾಲೆಗೆ ಸೇರಿದರು.

ಕಳೆದ ವರ್ಷದ ಪಟ್ಟಿ ಹೊರಬಂದ ವಾರ ಅವರು ತರಗತಿಗೆ ಪುಸ್ತಿಕೆ ಹಿಡಿದುಕೊಂಡೇ ಬಂದರು. ಬೆಂಚಿನಲ್ಲಿ ಕೂತರು. ಪುಸ್ತಿಕೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, “ಓದಿದೆ ಮೇಷ್ಟ್ರೇ. ಬೆರಳಿಟ್ಟು ಓದಿದೆ. ಎರಡು ಸಲ,” ಎಂದರು.

“ಒಳ್ಳೇದಾಯ್ತಲ್ಲ ಅಕ್ಕ. ಅರ್ಜಿ ಯಾವಾಗ ಕೊಡ್ತೀರಿ?”

“ಕೊಡಲ್ಲ,” ಎಂದರು. “ನಾನು ಇರೋ ಕಡೆನೇ ಸರಿಯಾಗಿದೆಯಂತೆ. ತಪ್ಪು ಬಣದ್ದಲ್ಲ.”

ನಾನು ಮುಂದೆ ಕೇಳಲಿಲ್ಲ. ಪ್ರಮಾಣವಿತ್ತಲ್ಲ. ಅವರು ಮನಸ್ಸು ಬದಲಿಸಿರಬಹುದು, ವಯಸ್ಸಾದವರು ಬಹಳ ಜನ ಕೊನೆಗೆ ಇದ್ದಲ್ಲೇ ಇರುತ್ತಾರೆ ಎಂದುಕೊಂಡೆ. ಅಂದಿನಿಂದ ಹೊಂಬಾಳಮ್ಮ ಅಕ್ಷರಗಳನ್ನು ಬೈಯುವುದನ್ನು ಬಿಟ್ಟರು. ಗಿರಾಕಿಗಳನ್ನೂ ಬೈಯುತ್ತಿರಲಿಲ್ಲವಂತೆ. ಏನು ಕೇಳಿದರೂ ತಲೆಯಾಡಿಸಿ, ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಮಿಷನ್ ತುಳಿಯುತ್ತಿದ್ದರು. ಪಿನ್ನಿನ ಕೆಲಸವಿಲ್ಲದಾಗಲೂ ಕಚ್ಚಿಕೊಂಡಿರುತ್ತಿದ್ದರು.

ಆ ವರ್ಷ ಊರಿನಲ್ಲಿ ಕೆಲವು ಬದಲಾವಣೆಗಳು ಕಂಡವು. ನಮ್ಮ ಮುಖ್ಯಾಧಿಕಾರಿ ಶ್ರೀಕಂಠಯ್ಯನವರು ಆಮೆ ಬಣದವರು. ಒಂದು ಸಹಿಗೆ ಒಂದು ವಾರ ತೆಗೆದುಕೊಳ್ಳುತ್ತಿದ್ದವರು. ಈಗ ಮೆಟ್ಟಿಲನ್ನು ಎರಡೆರಡಾಗಿ ಹತ್ತತೊಡಗಿದರು. ಮುಂಗುಸಿ ಬಣದ ನಾಯಕ ಮುದ್ದುವೀರಪ್ಪ ಬಸ್ಸಿನ ಕಂಡಕ್ಟರು. ಟಿಕೆಟಿನ ಜೊತೆಗೆ ಬೈಗುಳವನ್ನೂ ಕೊಡುತ್ತಿದ್ದವನು. ಈಗ ಮುದುಕಿಯರು ಸೆರಗಿನ ಗಂಟು ಬಿಚ್ಚುವವರೆಗೂ ಮುಗುಳ್ನಗುತ್ತಾ ನಿಂತಿರುತ್ತಿದ್ದ. ಬಸ್ಸು ಎಲ್ಲ ಕಡೆಗೂ ತಡವಾಗಿ ಹೋಗುತ್ತಿತ್ತು. ಆಟದ ಮನೆಯಲ್ಲಂತೂ ಆಮೆಯವರು ಅಷ್ಟು ದಪ್ಪದ ಕವಚ ತೊಟ್ಟು ಸೇತುವೆಗೆ ನುಗ್ಗಿ ನಡುದಾರಿಯಲ್ಲೇ ಏದುಸಿರು ಬಿಡುತ್ತಾ ಬೀಳುತ್ತಿದ್ದರು. ಮುಂಗುಸಿಯವರು ತೆಳು ಅಂಗಿಯಲ್ಲಿ ಸಾಲಾಗಿ ನಿಂತು ಸೇತುವೆ ಕಾಯುತ್ತಿದ್ದರು, ಸಾಲಾಗಿಯೇ ಸಾಯುತ್ತಿದ್ದರು. ವರ್ಷವಿಡೀ ಬಸ್ಸಿನ ನೆರಳಿನ ಬದಿಯಲ್ಲಿ ಗೂಬೆಯವರೇ ಕೂತಿದ್ದರು. ಇದನ್ನೆಲ್ಲ ನಾನು ಕಂಡಿದ್ದೆ, ನೋಟುಬುಕ್ಕಿನಲ್ಲಿ ಬರೆದೂ ಇದ್ದೆ. ಕಾಲ ಕೆಟ್ಟಿದೆ ಎಂದುಕೊಂಡೆನೇ ಹೊರತು ನನ್ನ ಪಟ್ಟಿ ಕೆಟ್ಟಿದೆ ಎಂದು ಹೊಳೆಯಲಿಲ್ಲ. ದಿನಕ್ಕೆ ಹತ್ತು ಸಲ ನನ್ನ ಮೇಲೆ ಅನುಮಾನ ಪಡುವ ನಾನು ಸರಿಯಾಗಿ ಆ ಒಂದು ಕಡೆ ಪಡಲಿಲ್ಲ.

ಹೊಸ ವರ್ಷದ ಪಟ್ಟಿಗೆ ಚೀಟಿ ಎತ್ತುವ ದಿನ ಬಂತು. ಕಾಲಂಗಳನ್ನು ಜರುಗಿಸಲು ಹಳೆಯ ಪುಸ್ತಿಕೆಯನ್ನು ತೆರೆದು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ನನ್ನ ಎಣಿಕೆಯ ನೋಟುಬುಕ್ಕು. ಕೋಪದ ಸಾಲಿನಲ್ಲಿ ಬೆರಳಿಟ್ಟೆ. ‘ಆಮೆ: ಮೂರು ಏಟಿಗೆ ತುಂಬುತ್ತದೆ. ಮುಂಗುಸಿ: ಹನ್ನೆರಡು ಏಟಿಗೆ, ನಿಧಾನವಾಗಿ.’ ಇನ್ನೊಮ್ಮೆ ಓದಿದೆ. ಎದ್ದು ನೀರು ಕುಡಿದು ಬಂದು ಮತ್ತೊಮ್ಮೆ ಓದಿದೆ. ಅದಕ್ಕೂ ಹಿಂದಿನ ವರ್ಷದ ಕ್ರಮ ಮುಂಗುಸಿ, ಗೂಬೆ, ಆಮೆ ಎಂದಿತ್ತು. ಕಳೆದ ವರ್ಷದ ಚೀಟಿಯಲ್ಲಿ ಆಮೆ, ಗೂಬೆ, ಮುಂಗುಸಿ ಎಂದು ಬಂದಿತ್ತು. ನಾನು ತಲೆಬರಹಗಳನ್ನು ಚೀಟಿಯ ಪ್ರಕಾರ ಬಹಳ ಎಚ್ಚರಿಕೆಯಿಂದ, ಅಳತೆಪಟ್ಟಿ ಇಟ್ಟು, ಅಂದವಾಗಿ ಬದಲಿಸಿದ್ದೆ. ಅವುಗಳ ಕೆಳಗಿನ ಕಾಲಂಗಳನ್ನು ಜರುಗಿಸಲು ಮರೆತಿದ್ದೆ. ಒಂದು ವರ್ಷ ಊರೆಲ್ಲ ಆಮೆಯನ್ನು ಮುಂಗುಸಿ ಎಂದು, ಮುಂಗುಸಿಯನ್ನು ಆಮೆ ಎಂದು ಓದಿಕೊಂಡಿತ್ತು. ನಡುವಿನ ಗೂಬೆ ಮಾತ್ರ ತನ್ನ ಜಾಗದಲ್ಲೇ ಇತ್ತು.

ಆಗ ಹೊಂಬಾಳಮ್ಮನ ಮಾತು ನೆನಪಾಯಿತು. ತಪ್ಪು ಬಣದ್ದಲ್ಲ. ಮುಂಗುಸಿಯವರಿಗೆ ಕೋಪ ನಿಧಾನ ಎಂದು ಅವರು ಬೆರಳಿಟ್ಟು ಓದಿದ್ದರು. ಬದುಕಿನಲ್ಲಿ ತಾವೇ ಓದಿದ ಮೊದಲ ಅಚ್ಚು ಅದು. ಮೂವತ್ತೆರಡು ವರ್ಷ ನಿಧಾನದ ಬಣದಲ್ಲೇ ಇದ್ದೂ ತನಗೊಬ್ಬಳಿಗೇ ನಿಧಾನ ಬರಲಿಲ್ಲ ಎಂದುಕೊಂಡಿದ್ದರು. ಕಿಟಕಿಯ ರಿಜಿಸ್ಟರಿನಲ್ಲಿ ಅವರ ಹುಟ್ಟಿದ ದಿನ ನೋಡಿದೆ. ಅವಕಾಶ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಹೊಸ ಪಟ್ಟಿ ಅಚ್ಚಾಗಿ ಬರಲು ಇಪ್ಪತ್ತು ದಿನ ಬೇಕಿತ್ತು.

ಮೊದಲು ಹೋದದ್ದು ಪ್ರೆಸ್ಸಿಗೆ. ಅಚ್ಚು ಮಾಡುವ ಶೇಷಗಿರಿ ಗೂಬೆ ಬಣದವನು. ಮೂಲಪ್ರತಿಯಲ್ಲಿ ಸರಿಯಿದ್ದು ಅಚ್ಚಿನಲ್ಲಿ ತಪ್ಪಾಗಿರಬಹುದೇ ಎಂಬ ಒಂದು ನೀಚ ಆಸೆ ನನಗಿತ್ತು. ಅವನು ನನ್ನ ಮೂಲಪ್ರತಿಯನ್ನು ತೆಗೆದು ಮುಂದಿಟ್ಟ. ತಪ್ಪು ನನ್ನ ಅಕ್ಷರದಲ್ಲೇ ಇತ್ತು.

“ನಾನು ಮೊದಲ ದಿನಾನೇ ನೋಡಿದೆ,” ಎಂದ.

“ನೋಡಿದ್ಯಾ? ಮತ್ತೆ ಹೇಳಬಾರದಿತ್ತಾ ಶೇಷಗಿರಿ?”

“ನಮ್ಮ ಕಾಲಂ ಸರಿಯಾಗಿತ್ತಲ್ಲ.”

“ಬೇರೆ ಗೂಬೆಯವರಿಗೂ ಗೊತ್ತಾ?”

“ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲೂ ಬಸ್ಸು ತಂಪಾಗಿತ್ತು ನೋಡು,” ಎಂದು ಕನ್ನಡಕ ಒರೆಸಿಕೊಂಡ.

ಶ್ರೀಕಂಠಯ್ಯನವರ ಕೋಣೆಗೆ ಹೋದೆ. ತಪ್ಪೊಪ್ಪಿಗೆಯನ್ನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ಜೊತೆಗೆ, ನಾಳೆಯೇ ಒಂದು ತಿದ್ದುಪಡಿ ಹಾಳೆ ಅಚ್ಚು ಹಾಕಿಸಿ ಹಂಚಲು ಅನುಮತಿ ಬೇಕೆಂಬ ಮನವಿ. ಅವರು ನಿಂತುಕೊಂಡೇ ಓದಿದರು. ಈಚೆಗೆ ಅವರು ಕೂರುತ್ತಿರಲಿಲ್ಲ.

“ಯಾರಾದ್ರೂ ದೂರು ಕೊಟ್ಟಿದಾರೇನ್ರೀ?”

“ಇಲ್ಲ ಸಾರ್.”

“ಒಬ್ಬರೂ?”

“ಒಬ್ಬರೂ ಇಲ್ಲ ಸಾರ್. ಆದ್ರೆ ಆಮೆಯವರು ಮುಂಗುಸಿಯವರ ಹಾಗೆ—”

“ಚನ್ನಿಗಪ್ಪ, ಇಲ್ನೋಡಿ,” ಎಂದು ಮೇಜನ್ನು ತೋರಿಸಿದರು. ಮೇಜು ಖಾಲಿ ಇತ್ತು. “ಈ ಮೇಜಿನ ಮರ ಯಾವ ಬಣ್ಣ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ. ಐವತ್ತೇಳು ವರ್ಷ ನಾನು ನಿಧಾನದ ಮನುಷ್ಯ ಅಂದ್ಕೊಂಡಿದ್ದೆ. ನನ್ನ ಹೆಂಡತೀನೂ ಹಂಗೇ ಅಂದ್ಕೊಂಡಿದ್ಳು. ಪಟ್ಟಿ ಓದಿದ ಮೇಲೆ ತಿಳೀತು, ಆಮೆ ಅಂದ್ರೆ ವೇಗ. ಈಗ ನೀವು ಬಂದು ತಪ್ಪು ಅಂತೀರಿ.”

“ಎಣಿಕೆ ಹಾಗೆ ಇದೆ ಸಾರ್. ಹನ್ನೆರಡು ಏಟು.”

“ಎಣಿಸಿದವರು ಯಾರು?”

“ನಾನೇ ಸಾರ್.”

“ತಲೆಬರಹ ತಪ್ಪು ಹಾಕಿದವರು?”

“ನಾನೇ ಸಾರ್.”

“ಮತ್ತೆ ಎಣಿಕೆ ಸರಿ, ತಲೆಬರಹ ತಪ್ಪು ಅಂತ ಹೇಗ್ರೀ ಹೇಳ್ತೀರಿ?” ಎಂದು ಅವರು ಕಿಟಕಿಯವರೆಗೆ ಹೋಗಿ ವಾಪಸು ಬಂದರು. “ತಿದ್ದುಪಡಿ ಹಾಳೆ ಬೇಡ. ಹೊಸ ಪಟ್ಟಿ ಬರುತ್ತಲ್ಲ, ಅದರಲ್ಲಿ ನಿಮಗೆ ಸರಿ ಅನ್ನಿಸಿದ್ದು ಹಾಕ್ಕೊಳ್ಳಿ. ಹಳೇದರ ಬಗ್ಗೆ ಒಂದಕ್ಷರ ಬರೀಬೇಡಿ. ನಿಮ್ಮ ತಪ್ಪೊಪ್ಪಿಗೆ ಇಲ್ಲಿಟ್ಟಿರಿ, ಈ ತಿಂಗಳೊಳಗೆ ವಿಲೇವಾರಿ ಮಾಡ್ತೀನಿ.”

ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದು ಸಂಜೆಯೇ ಆಟದ ಮನೆಗೆ ಹೋಗಿ ಮತ್ತೆ ಎಣಿಸಲು ಕೂತೆ. ಆರು ಸಂಜೆ ಎಣಿಸಿದೆ. ಮುದ್ದುವೀರಪ್ಪನ ಪರದೆಯ ಹಿಂದೆ ನಿಂತು ನೋಡಿದರೆ ಮೃಗ ಅವನನ್ನು ಮೂರು ಸಲ ಪರಚುವಷ್ಟರಲ್ಲಿ ಕೆಂಪು ಗೆರೆ ತುಂಬಿ ಮಿಣುಕುತ್ತಿತ್ತು. ಅವನು ಗುಂಡಿ ಒತ್ತುತ್ತಿರಲಿಲ್ಲ.

“ತುಂಬಿದೆಯಲ್ಲ ವೀರಪ್ಪ,” ಎಂದೆ.

“ಈ ಪರದೆ ಸರಿ ಇಲ್ಲ ಸಾರ್. ಮೂರಕ್ಕೇ ತುಂಬಿದ ಹಾಗೆ ತೋರಿಸುತ್ತೆ. ನಮಗೆ ಹನ್ನೆರಡು ಅಲ್ವಾ?” ಎಂದ. ನಾಲ್ಕು, ಐದು, ಆರು ಎಂದು ತಾಳ್ಮೆಯಿಂದ ಎಣಿಸುತ್ತಿದ್ದ. ಒಂಬತ್ತಕ್ಕೆ ಸತ್ತ. “ಹನ್ನೆರಡರ ತನಕ ಉಳಿದವರನ್ನ ಈ ವರ್ಷ ಕಂಡಿಲ್ಲ ಸಾರ್. ಉಳಿದರೆ ಜೋರಿರುತ್ತೆ,” ಎಂದು ಮುಗುಳ್ನಕ್ಕ.

ಎಣಿಕೆ ಸರಿಯಾಗಿಯೇ ಇತ್ತು. ಆದರೆ ಆರು ದಿನ ಕಳೆದಿದ್ದವು. ಮುಂದಿನ ಮೂರು ದಿನ ಪ್ರಮಾಣವಚನದ ಪ್ರತಿಯನ್ನು ತೆಗೆದು ಓದಿದೆ. ‘ಯಾರಿಗೂ ಒಂದು ಮಾತೂ’ ಎಂದಿತ್ತು. ಬರೆದು ಕೊಡಬಹುದೇ ಎಂದು ಯೋಚಿಸಿದೆ. ಅದು ಮಾತು ಆಗುತ್ತದೋ ಇಲ್ಲವೋ ತೀರ್ಮಾನವಾಗಲಿಲ್ಲ. ಸಂಜೆ ಶಾಲೆಯಲ್ಲಿ ಹೊಂಬಾಳಮ್ಮ ಪಿನ್ನು ಕಚ್ಚಿಕೊಂಡು ಕಾಪಿ ಬರೆಯುತ್ತಿದ್ದರು. ನಾನು ಅವರ ‘ಳ’ ಬಹಳ ಚೆನ್ನಾಗಿದೆ ಎಂದು ಮೂರು ಸಲ ಹೇಳಿ ಮನೆಗೆ ಬಂದೆ. ಹತ್ತನೆಯ ದಿನ ರಜೆ ಹಾಕಿ ಮಲಗಿದೆ. ಮಲಗಿದರೆ ಸರಿಹೋಗುವ ವಿಷಯ ಅದಾಗಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಕೆರೆಬೀದಿಗೆ ಹೋದೆ. ಅಂಗಡಿಯಲ್ಲಿ ಒಬ್ಬ ಗಿರಾಕಿ ಹೆಂಗಸು ಬ್ಲೌಸಿನ ಬೆನ್ನು ನೋಡಿ, ಇದು ನಾನು ಹೇಳಿದ ಹಾಗಿಲ್ಲ, ಮೊದಲಿನದೂ ಹೀಗೇ ಆಗಿತ್ತು, ನಿಮಗೆ ಕಣ್ಣು ಮಂದವಾಗಿದೆ ಎನ್ನುತ್ತಿದ್ದಳು. ಹೊಂಬಾಳಮ್ಮ ತಲೆಯಾಡಿಸಿದರು. ಅವಳು ಹೋದ ಮೇಲೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. “ಏನ್ ಮೇಷ್ಟ್ರೇ, ಅಂಗಿ ಹರೀತಾ?” ಎಂದು ಕೇಳಿದರು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಚೀಟಿ, ತಲೆಬರಹ, ಕಾಲಂ. ಮುಂಗುಸಿಗೆ ಮೂರು ಏಟು, ಹನ್ನೆರಡು ಆಮೆಗೆ. ಕಿಟಕಿ ಐದಕ್ಕೆ ಮುಚ್ಚುತ್ತದೆ ಎಂಬುದನ್ನೂ ಹೇಳಿದೆ. ಅದನ್ನು ಎರಡು ಸಲ ಹೇಳಿದೆ.

ಅವರು ಪಿನ್ನಿನ ಡಬ್ಬಿಯ ಮುಚ್ಚಳ ಹಾಕಿದರು. “ಯಾವಾಗ ಗೊತ್ತಾಯ್ತು?”

“ಹನ್ನೊಂದು ದಿನ ಆಯ್ತು ಅಕ್ಕ.”

“ಹನ್ನೊಂದು ದಿನ,” ಎಂದರು. ಎದ್ದು ನಿಂತರು. “ಏನಯ್ಯಾ, ನೀನೇನು ಮನುಷ್ಯನಾ ಇಲ್ಲ ಗೋಡೆಗೆ ನೇತುಹಾಕಿದ ಕೋಟಾ? ಹನ್ನೊಂದು ದಿನ ಜೇಬಲ್ಲಿಟ್ಕೊಂಡು ಓಡಾಡಿದೀಯಾ? ಮೊನ್ನೆ ‘ಳ’ ಚೆನ್ನಾಗಿದೆ ಅಂದೆ. ಮೂರು ಸಲ ಅಂದೆ. ಆಗ ಬಾಯಲ್ಲಿ ಏನಿಟ್ಕೊಂಡಿದ್ದೆ, ನನ್ನ ಪಿನ್ನಾ? ಒಂದು ವರ್ಷ ಕಣಯ್ಯ. ಒಂದು ವರ್ಷ ನಾನು ನನ್ನನ್ನೇ ಬೈಕೊಂಡೆ. ಬಣದಲ್ಲಿ ಎಲ್ಲರೂ ತಣ್ಣಗಿದಾರೆ, ನಾನೊಬ್ಬಳೇ ದರಿದ್ರದವಳು ಅಂತ. ನನ್ನ ಮಗಳೂ ಅದನ್ನೇ ಬರೆದು ಕಳಿಸಿದಳು, ‘ಅಮ್ಮ, ನಾನೂ ಅದೇ ಬಣ, ನನಗೆ ಹಂಗೆ ಕೋಪ ಬರಲ್ಲ, ನಿನ್ನಲ್ಲೇ ಏನೋ ಇದೆ’ ಅಂತ. ಆ ಕಾಗದಾನೂ ನಾನೇ ಓದಿದೆ, ನೀನು ಕಲಿಸಿದ ಅಕ್ಷರದಲ್ಲಿ.”

ಕತ್ತರಿ ಅವರ ಕೈಯಲ್ಲಿತ್ತು. ಬೀದಿಯಲ್ಲಿ ಇಬ್ಬರು ಮೂವರು ನಿಂತರು. ವರ್ಷದಿಂದ ಕೇಳದ ಸದ್ದು ಅದು. ನಾನು ಅಲ್ಲಾಡಲಿಲ್ಲ. ನನ್ನ ಬದುಕಿನಲ್ಲಿ ಯಾರೂ ನನಗೆ ಅಷ್ಟು ಸರಿಯಾಗಿ ಬೈದಿರಲಿಲ್ಲ. ಪ್ರತಿಯೊಂದು ಮಾತೂ ಅಳತೆ ತೆಗೆದು ಹೊಲಿದ ಹಾಗಿತ್ತು.

ಅವರು ತಟ್ಟನೆ ನಿಲ್ಲಿಸಿದರು. ಕತ್ತರಿ ಕೆಳಗಿಟ್ಟರು. “ನಡಿ,” ಎಂದರು.

ಪುರಸಭೆಯ ಕಿಟಕಿಯ ಮುಂದೆ ನಾಲ್ಕೂವರೆಗೆ ನಿಂತೆವು. ಅರ್ಜಿ ಹಾಳೆ ಇಸಿದುಕೊಂಡು ಅವರು ಜಗಲಿಯ ಮೇಲೆ ಕೂತರು. ‘ಈಗಿನ ಬಣ’ ಎಂಬಲ್ಲಿ ಮುಂಗುಸಿ ಎಂದು ಬರೆದರು. ‘ಬಯಸುವ ಬಣ’ ಎಂಬಲ್ಲಿ ಪೆನ್ನು ನಿಂತಿತು.

“ಮೂರು ಏಟಿಗೆ ತುಂಬುತ್ತೆ ಅಂದ್ರಲ್ಲ ಮೇಷ್ಟ್ರೇ, ಖಂಡಿತಾನಾ?” ಮತ್ತೆ ‘ನೀವು’ ಬಂದಿತ್ತು.

“ಖಂಡಿತ ಅಕ್ಕ. ಆರು ಸಂಜೆ ಮತ್ತೆ ಎಣಿಸಿದೀನಿ.”

“ಈಗ ಬಂದಿದ್ದಳಲ್ಲ ಬೆನ್ನಿನ ಬ್ಲೌಸಿನವಳು, ಅವಳೊಬ್ಬಳೇ ಇವತ್ತು ಮೂರು ಕೊಟ್ಟಳು. ನಿನ್ನೆ ಐದು. ಪಕ್ಕದ ಅಂಗಡಿಯವನದು ದಿನಾ ಎರಡು, ಅದನ್ನ ಬಿಡಿ. ಮಗಳ ಕಾಗದ ಒಂದೇ ಹತ್ತಕ್ಕೆ ಸಮ.” ಅವರು ಬೆರಳು ಮಡಿಸುತ್ತಾ ಹೋದರು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು, ಮತ್ತೆ ಮೊದಲನೆಯ ಕೈಗೆ ಬಂದರು. “ಗೆರೆ ತುಂಬಿದ್ದು ನನಗೆ ಗೊತ್ತಾಗ್ತಿತ್ತು. ದಿನಾ ತುಂಬ್ತಿತ್ತು. ಗುಂಡಿ ಒತ್ತಲಿಲ್ಲ. ಹಂಗಾದ್ರೆ ಈ ಒಂದು ವರ್ಷ ಸುಮ್ಮನಿದ್ದದ್ದು ಯಾವ ಬಣದ ಗುಣ?”

ನಾನು ಯೋಚಿಸಿದೆ. ಪಟ್ಟಿಯ ಸಾಲುಗಳನ್ನೆಲ್ಲ ಮನಸ್ಸಿನಲ್ಲೇ ಓದಿದೆ. “ಯಾವುದರಲ್ಲೂ ಇಲ್ಲ ಅಕ್ಕ,” ಎಂದೆ.

“ಇಲ್ಲ ಅಲ್ವಾ,” ಎಂದರು. ನಾನು ಅವರ ಮುಖ ನೋಡಿದೆ. ಸಿಟ್ಟಿರಲಿಲ್ಲ. ಮಿಷನ್ನಿನ ಸೂಜಿಗೆ ಒಂದೇ ಸಲಕ್ಕೆ ದಾರ ಹೋದಾಗ ಇರುವಂಥ ಮುಖ.

“ಐದಾಗ್ತಾ ಬಂತು,” ಎಂದು ಕಿಟಕಿಯ ಒಳಗಿನಿಂದ ಗುಮಾಸ್ತ ಕೂಗಿದ. “ಕೊಡೋದಾದ್ರೆ ಕೊಡಿ ತಾಯಿ.”

ಹೊಂಬಾಳಮ್ಮ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. “ಹಾಳೆ ದಪ್ಪಗಿದೆ. ಕತ್ತಿನ ಅಳತೆಗೆ ಕತ್ತರಿಸ್ಕೊಳ್ಳಬಹುದು,” ಎಂದು ಎದ್ದರು.

“ಅಕ್ಕ, ಇವತ್ತು ಬಿಟ್ಟರೆ ಮತ್ತೆ ಅವಕಾಶ ಇಲ್ಲ,” ಎಂದೆ. ನನ್ನ ಧ್ವನಿ ಏರಿತ್ತು. ಈ ಹನ್ನೊಂದು ದಿನ ನಾನು ಪಟ್ಟ ಪಾಡು ಅವರ ಅವಕಾಶಕ್ಕಾಗಿ ಎಂದುಕೊಂಡಿದ್ದೆ. “ಮಗಳು ಆಮೆ ಆದ್ರೆ ಬರ್ತೀನಿ ಅಂದಿದಾಳಲ್ಲ.”

“ಆಮೆಗೆ ತಡ್ಕೊಳ್ಳೋದು ಬಣ ಕೊಟ್ಟಿದ್ದು. ನನಗೆ ಯಾರು ಕೊಟ್ಟರು? ಅದನ್ನ ಕೊಟ್ಟುಬಿಟ್ಟು ಅವರದನ್ನ ಇಸ್ಕೊಳ್ಳಲಾ?” ಎಂದರು. “ಆಮೇಲೆ ಅವಳೂ ಮುಂಗುಸೀನೇ. ನನ್ನ ಮಗಳು. ಕೋಪ ಬರಲ್ಲ ಅಂತ ಬರೆದಿದಾಳೆ, ಪಾಪ, ಅದನ್ನ ನುಂಗ್ಕೊಂಡು ನುಂಗ್ಕೊಂಡು ಹೊಟ್ಟೆ ಎಷ್ಟು ಉರೀತಿದೆಯೋ. ಹೋಗಿ ಹೇಳಬೇಕು.” ಚಪ್ಪಲಿ ಮೆಟ್ಟಿ ಕೆರೆಯ ಏರಿಯ ಕಡೆಗೆ ನಡೆದರು. ಹತ್ತು ಹೆಜ್ಜೆ ಹೋಗಿ ತಿರುಗಿದರು. “ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ ಮೇಷ್ಟ್ರೇ. ಅದು ಬೇರೆ.”

ಹಿಂದೆ ಕಿಟಕಿ ಮುಚ್ಚಿದ ಸದ್ದಾಯಿತು.

ಹೊಸ ಪಟ್ಟಿ ಹೇಳಿದ ದಿನಕ್ಕೆ ಬಂತು. ತಲೆಬರಹಗಳನ್ನೂ ಕಾಲಂಗಳನ್ನೂ ನಾಲ್ಕು ಸಲ ತಾಳೆ ನೋಡಿದ್ದೆ. ಶೇಷಗಿರಿಯ ಎದುರು ಕೂತು, “ನಿಮ್ಮ ಕಾಲಂ ಅಲ್ಲದ್ದನ್ನೂ ನೋಡಪ್ಪ,” ಎಂದು ಬೇಡಿಕೊಂಡು ಅವನಿಂದಲೂ ನೋಡಿಸಿದೆ. ನೋಡಿದ. ಸರಿಯಿದೆ ಎಂದ. ಬಸ್ಸಿನ ವಿಷಯ ನೆನೆದು ನಿಟ್ಟುಸಿರಿಟ್ಟ. ಹಳೆಯದು ತಪ್ಪಾಗಿತ್ತೆಂದು ಎಲ್ಲೂ ಬರೆಯಲಿಲ್ಲ. ಊರಿನವರು ಓದಿ, ಈ ವರ್ಷ ಬಣಗಳ ಗುಣ ಬದಲಾಗಿದೆಯಂತೆ ಎಂದು ಮಾತಾಡಿಕೊಂಡರು. ನಲವತ್ತು ದಿನದಲ್ಲಿ ಎಲ್ಲರೂ ಬದಲಾದರು. ಮುದ್ದುವೀರಪ್ಪ ಒಬ್ಬ ಮುದುಕಿಗೆ ಸೆರಗಿನ ಗಂಟನ್ನು ಮನೆಯಲ್ಲೇ ಬಿಚ್ಚಿಕೊಂಡು ಬರಬಾರದಾ ಎಂದು ಕೂಗಿದಾಗ ಬಸ್ಸಿನಲ್ಲಿದ್ದವರಿಗೆಲ್ಲ ಏನೋ ಹಾಯೆನಿಸಿತು. ಬಸ್ಸು ಹೊತ್ತಿಗೆ ಸರಿಯಾಗಿ ಹೋಗತೊಡಗಿತು. ಶ್ರೀಕಂಠಯ್ಯನವರು ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾರೆ. ನನ್ನ ತಪ್ಪೊಪ್ಪಿಗೆ ಅವರ ಮೇಜಿನ ಮೇಲಿದೆ, ಅದರ ಮೇಲೆ ಬೇರೆ ಕಾಗದಗಳು ಬಂದಿವೆ. ವಿಲೇವಾರಿ ಯಾವಾಗ ಸಾರ್ ಎಂದು ಕೇಳಿದೆ. “ಅವಸರ ಏನ್ರೀ,” ಎಂದರು. ಅವರ ನಿವೃತ್ತಿಗೆ ಎರಡು ವರ್ಷವಿದೆ. ಶಿಕ್ಷೆ ಇಲ್ಲದಿರುವುದು ನನಗೆ ಸಮಾಧಾನವೋ ಕಷ್ಟವೋ ಇನ್ನೂ ತಿಳಿದಿಲ್ಲ.

ತಾರಾಮಣಿ ಬಂದಳು. ಒಂದು ಭಾನುವಾರ ಕೆರೆಬೀದಿಯಲ್ಲಿ ಹೋಗುವಾಗ ಅಂಗಡಿಯೊಳಗಿಂದ ಎರಡು ಧ್ವನಿಗಳು ಒಂದರ ಮೇಲೊಂದು ಬೀಳುತ್ತಿದ್ದವು.

“ಕತ್ತು ಓರೆ ಇದೆ ಅಂದ್ರೆ ಓರೆ ಇದೆ ಅಮ್ಮ. ಅತ್ತೆ ಅವತ್ತು ಹೇಳಿದ್ದು ಸರಿಯಾಗೇ ಇತ್ತು.”

“ನಿನ್ನ ಕತ್ತೇ ಓರೆ ಕಣೇ, ಹುಟ್ಟಿದಾಗಿಂದ. ನಾನು ಬಟ್ಟೇನ ನೆಟ್ಟಗೆ ಹೊಲಿದೀನಿ.”

“ಹುಟ್ಟಿಸಿದ್ದು ಯಾರು?”

“ಅದೊಂದು ತಪ್ಪು ನಂದೇ, ಪುರಸಭೆಯೋರದಲ್ಲ.”

ಯಾರೂ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಿಷನ್ನಿನ ಸದ್ದು ಕೇಳಿಸಿತು. ನಾನು ಒಳಗೆ ಇಣುಕದೆ ಮುಂದೆ ಹೋದೆ.

ಪಟ್ಟಿಯ ವಿಷಯದಲ್ಲಿ ಹೇಳಲೇಬೇಕಾದ ಒಂದು ಮಾತು ಉಳಿದಿದೆ. ಅಚ್ಚಿಗೆ ಹೋಗುವ ಹಿಂದಿನ ದಿನ ಕೋಪದ ಸಾಲಿನಲ್ಲಿ ‘ಮುಂಗುಸಿ: ಮೂರು ಏಟಿಗೆ’ ಎಂದು ಬರೆದ ಮೇಲೆ ನನಗೆ ಸಮಾಧಾನವಾಗಲಿಲ್ಲ. ನನ್ನ ಕೈಗೆ ಸಿಕ್ಕಿದ ಎಲ್ಲ ಎಣಿಕೆಯೂ ಪಟ್ಟಿಯಲ್ಲಿರಬೇಕೆಂಬುದು ವಿಭಾಗದ ನಿಯಮ. ಹೆಸರು ಹಾಕಿದರೆ ಪಕ್ಷಪಾತ. ಹಾಕದೆ ಬಿಟ್ಟರೆ ಸುಳ್ಳು. ಬಹಳ ಯೋಚಿಸಿ ಒಂದು ನಕ್ಷತ್ರ ಗುರುತು ಹಾಕಿ ಪುಟದ ಅಡಿ ಸಣ್ಣ ಅಕ್ಷರದಲ್ಲಿ ಸೇರಿಸಿದೆ: ‘ಒಬ್ಬರ ವಿಷಯದಲ್ಲಿ ಮಾತ್ರ ಈ ಎಣಿಕೆ ಹೊಂದಿಲ್ಲ. ಕಾರಣ ತಿಳಿದುಬಂದಿಲ್ಲ.’

ಪುಸ್ತಿಕೆ ಹೊರಬಂದು ಐದು ತಿಂಗಳಾಯಿತು. ಆ ಒಬ್ಬರು ತಾವೇ ಎಂದು ಇಲ್ಲಿಯವರೆಗೆ ಹದಿನಾಲ್ಕು ಜನ ವಿಭಾಗಕ್ಕೆ ಬಂದು ಹೇಳಿ ಹೋಗಿದ್ದಾರೆ. ಅವರಲ್ಲಿ ಆರು ಜನ ಮುಂಗುಸಿಯವರೇ ಅಲ್ಲ. ಹೆಸರು ಯಾಕೆ ಹಾಕಲಿಲ್ಲವೆಂದು ಮುದ್ದುವೀರಪ್ಪ ನನ್ನ ಮೇಜು ಗುದ್ದಿದ. ಎಲ್ಲರ ಹೆಸರನ್ನೂ ಬರೆದುಕೊಂಡಿದ್ದೇನೆ. ಹೊಂಬಾಳಮ್ಮ ಬಂದಿಲ್ಲ.